ಗಂಟಲಿಗೆ ರೇಡಿಯೇಶನ್: ಮನೆಯಲ್ಲಿ ಗುಟುಕು ಗುಟುಕಿನ ಲೆಕ್ಕ

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನ, 6ರಿಂದ 7 ವಾರ. ಯಲಹಂಕದ ಕಡೆಯವರಿಗೆ ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದಿನಾ ಓಡಾಡುವುದೇ ದೊಡ್ಡ ಕೆಲಸ. ಆದರೂ ಜೊತೆಗಿರುವ ಹೆಂಡತಿಗೋ ಗಂಡನಿಗೋ ಅದಕ್ಕಿಂತ ಜಾಸ್ತಿ ಕೆಲಸ ಅಡುಗೆಮನೆಯಲ್ಲಿರುತ್ತದೆ. ನಮ್ಮ ಯಜಮಾನರ ಜೊತೆ ಆ 7 ವಾರ ಕಳೆದವಳಾಗಿ ಹೇಳುತ್ತಿದ್ದೇನೆ.

ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಕೀಳಬೇಕಾದ ಹಲ್ಲಿದ್ದರೆ ಮುಂಚೆಯೇ ಕೀಳಿಸಿಬಿಡಬೇಕು. ರೇಡಿಯೇಶನ್ ಬಿದ್ದ ದವಡೆಯಲ್ಲಿ ಗಾಯ ಬೇಗ ಮಾಯುವುದಿಲ್ಲ. ಅವತ್ತೇ ತೂಕವನ್ನೂ ಬರೆದಿಡಿ.

ಶುರುವಿನಲ್ಲಿ ಅಷ್ಟೇನೂ ತೊಂದರೆ ಇರುವುದಿಲ್ಲ. ನಮ್ಮವರು ಹೊರಗೆ ಬಂದಾಗ ಹಣೆಯ ಮೇಲೆ, ತಲೆ ಅಲುಗದಂತೆ ಹಾಕುವ ಮಾಸ್ಕಿನ ಜಾಲರಿ ಗುರುತು ಇರುತ್ತಿತ್ತು, ಅಷ್ಟೇ. ಮೂರನೇ ವಾರಕ್ಕೆ ಬಾಯಿ ಹುಣ್ಣು, ಅಂಟಂಟು ಎಂಜಲು. 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 1 ಚಮಚ ಉಪ್ಪು, 1 ಚಮಚ ಅಡುಗೆ ಸೋಡಾ ಹಾಕಿ, ದಿನಕ್ಕೆ ಐದಾರು ಸಲ ಮುಕ್ಕಳಿಸಿ ಉಗಿಯಲಿ.

ನನ್ನ ಸಾರನ್ನು ಅವರು "ಮಣ್ಣಿನ ಥರ ಇದೆ" ಅಂದ ದಿನ ಒಲೆ ಮುಂದೆ ನಿಂತು ಅತ್ತಿದ್ದೆ. ನಾಲಿಗೆಗೆ ರುಚಿಯೇ ಹೋಗಿತ್ತು ಅಂತ ಆಮೇಲೆ ತಿಳಿಯಿತು. ಖಾರ, ಹುಳಿ ಬಿಡಿ. ಹಾಲು ಹಾಕಿದ ರಾಗಿ ಗಂಜಿ, ಮಿಕ್ಸಿಗೆ ಹಾಕಿದ ಹೆಸರುಬೇಳೆ ಅನ್ನ, ಮೇಲೆ ತುಪ್ಪ. ಎರಡು ಗಂಟೆಗೊಮ್ಮೆ ಅರ್ಧ ಲೋಟ ಸಾಕು. "ತಿನ್ನಿ, ತಿನ್ನಿ" ಅಂತ ಬೆನ್ನು ಹತ್ತಬೇಡಿ. ಪಕ್ಕದಲ್ಲಿ ಕೂತು ನೀವೂ ಅದನ್ನೇ ಕುಡಿಯಿರಿ.

ವಾರಕ್ಕೊಮ್ಮೆ ತೂಕ ನೋಡಿ. ಇಳಿಯುತ್ತಲೇ ಇದ್ದರೆ ಡಾಕ್ಟರ್ ಊಟ ಕೊಡಲು ಮೂಗಿನಲ್ಲಿ ಟ್ಯೂಬ್ ಹಾಕೋಣ ಅನ್ನಬಹುದು. ಹೆದರಬೇಡಿ, ನರ್ಸ್ ಪಕ್ಕ ನಿಂತು ಕಲಿಯಿರಿ. ಗಂಜಿ ಸೋಸಬೇಕು, ಕೂರಿಸಿಯೇ ಕೊಡಬೇಕು, ಮೊದಲೂ ಕೊನೆಗೂ ಟ್ಯೂಬಿಗೆ ನೀರು ಹಾಕಬೇಕು. ಆಮೇಲೆ ಅರ್ಧ ಗಂಟೆ ಮಲಗಿಸಬಾರದು. ಡಾಕ್ಟರ್ ಒಪ್ಪಿದರೆ ಟ್ಯೂಬ್ ಇದ್ದಾಗಲೂ ಬಾಯಲ್ಲಿ ಗುಟುಕು ನೀರು ನುಂಗಲಿ. ಪೂರ್ತಿ ಬಿಟ್ಟರೆ ಗಂಟಲಿಗೆ ನುಂಗುವ ಅಭ್ಯಾಸವೇ ತಪ್ಪುತ್ತದೆ.

ಕೀಮೋ ಕೂಡ ಇದ್ದರೆ, ಜ್ವರ 100.4 ಡಿಗ್ರಿ ಮುಟ್ಟಿದ ಕೂಡಲೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ.

ಕೊನೆಯ ಸಿಟ್ಟಿಂಗ್ ಮುಗಿದ ಮೇಲೂ ಒಂದೆರಡು ವಾರ ನೋವು ಜಾಸ್ತಿಯಾಗುತ್ತದೆ. ನಮಗದು ಗೊತ್ತಿರಲಿಲ್ಲ, ತುಂಬಾ ಹೆದರಿದ್ದೆವು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವರೇ ಬಾಯಿಬಿಟ್ಟು ಸಾರು ಕೇಳಿದರು. ತೆಳ್ಳಗೆ, ಮೆಣಸಿನಕಾಯಿ ಇಲ್ಲದೆ.