ಬೆಂಗಳೂರಿಗೆ ಗಾಡಿಯಲ್ಲಿ ಹೋಗುವವರಿಗೆ ಒಂದು ಮಾತು

ಮಡಿಕೇರಿ, ಕುಶಾಲನಗರ ಕಡೆಯಿಂದ ಬೆಂಗಳೂರಿಗೆ ಹೋಗುವವರು ಗಮನಿಸಿ. ನಮ್ಮ ತಿರುವು ರಸ್ತೆಯಲ್ಲಿ 40ರಲ್ಲಿ ಬಂದವರಿಗೆ ಮೈಸೂರು ದಾಟಿದ ಮೇಲೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಅಗಲವಾದ ರಸ್ತೆ ಸಿಗುತ್ತದೆ. ಕಾಲು ತಾನಾಗಿ ಒತ್ತುತ್ತದೆ, ಅಲ್ವಾ? ಅಲ್ಲಿ ಕಾರಿನ ಮಿತಿ 100. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ರಾತ್ರಿಯೂ ಕೆಲಸ ಮಾಡುತ್ತದೆ. 130 ದಾಟಿದರೆ ದಂಡ ಮಾತ್ರ ಅಲ್ಲ, ಕೇಸೇ ಬೀಳಬಹುದು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಈ ಕ್ರಮ ಜಾರಿಗೆ ಬಂದಿದೆ.

ಕ್ಯಾಮೆರಾ ಕಂಡ ತಕ್ಷಣ ಬ್ರೇಕ್ ಒತ್ತಬೇಡಿ. ಹಿಂದಿನವರು ಬಂದು ಗುದ್ದುತ್ತಾರೆ. ಹೋದ ತಿಂಗಳು ನನ್ನ ಕಣ್ಣೆದುರೇ ಸ್ವಲ್ಪದರಲ್ಲಿ ತಪ್ಪಿತು, ಇನ್ನೂ ಎದೆ ನಡುಗುತ್ತದೆ.

ಬೋರ್ಡ್ ಓದಲು ಒಂದು ಸುಲಭ ದಾರಿ. ಕೆಂಪು ಉಂಗುರದೊಳಗಿನ ಅಂಕಿ ಸಲಹೆಯಲ್ಲ, ಕಾನೂನು. ಕೆಂಪು ಅಂಚಿನ ತ್ರಿಕೋನ ಮುಂದಿನ ಅಪಾಯದ ಎಚ್ಚರಿಕೆ.

ಬೈಕಿನ ಹುಡುಗರೇ, 2023ರ ಆಗಸ್ಟ್ 1ರಿಂದ ಆ ಮುಖ್ಯ ರಸ್ತೆಗೆ ಬೈಕ್, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಿ, ಒಂದು ಗಂಟೆ ಜಾಸ್ತಿ ಇಟ್ಟುಕೊಂಡು ಮನೆ ಬಿಡಿ.

ಊರಿಗೆ ಬಂದ ಮೇಲೆ ಪರಿವಾಹನ್ ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ. ದಂಡ ಬಿದ್ದಿದ್ದರೆ ಫೋಟೋ ನಿಮ್ಮ ಗಾಡಿಯದ್ದೇನಾ ಅಂತ ಮೊದಲು ನೋಡಿಕೊಂಡು ಆಮೇಲೆ ಕಟ್ಟಿ.