ಪಾಳಿಗೆ ಹತ್ತು ನಿಮಿಷ ಮುಂಚೆ: ಒಂದು ಪೀಣ್ಯ ಶೆಡ್ಡಿನ ಲೆಕ್ಕ

ಮೂರು ಪಾಳಿಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ ಲೋಹ ಕೊರೆಯುವ ಯಂತ್ರ) ನಡೆಸುವವರಿಗೆ ಇದು ಗೊತ್ತಿರುವ ಕಥೆ. 6ಕ್ಕೆ ಪಾಳಿ ಅಂದರೆ 6ಕ್ಕೆ ಗೇಟು, 6:08ಕ್ಕೆ ಮಷಿನ್ ಮುಂದೆ, ಮೊದಲ ಒಳ್ಳೆ ಪೀಸು ಕೈಗೆ ಬರುವಾಗ 6:18. ನಮ್ಮಲ್ಲಿ ಆ 18 ನಿಮಿಷ ಈಗ ಸುಮಾರು 6 ನಿಮಿಷಕ್ಕೆ ಇಳಿದಿದೆ. ಇದಕ್ಕಾಗಿ ಪಾಳಿಯ ಹೊತ್ತು ಸರಿಸಿ, ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಮಷಿನ್ ಒಪ್ಪಿಸುವ 15 ನಿಮಿಷದ ಹಸ್ತಾಂತರಕ್ಕೂ ಸಂಬಳ ಕೊಟ್ಟೆವು. ಶುರು ಮಾಡುವಾಗ ಅಕ್ಕಪಕ್ಕದ ಶೆಡ್ಡಿನವರು, "ಬೇಗ ಬರೋದಕ್ಕೂ ದುಡ್ಡು ಕೊಡ್ತೀರಾ? ಎರಡು ತಿಂಗಳು ಕಳೀಲಿ, ಅರ್ಧ ಗಂಟೆಗೆ ಕೇಳ್ತಾರೆ ನೋಡಿ" ಅಂತ ನಕ್ಕಿದ್ದರು. ಎರಡು ವರ್ಷವಾಯಿತು, ಯಾರೂ ಕೇಳಿಲ್ಲ. ನಕ್ಕವರಲ್ಲೇ ಇಬ್ಬರು ನಮ್ಮ ಹಸ್ತಾಂತರದ ಕಾರ್ಡಿನ ಜೆರಾಕ್ಸ್ ಒಯ್ದಿದ್ದಾರೆ.

16 ಟರ್ನಿಂಗ್ ಮಷಿನ್, ಮೂರು ಪಾಳಿ, ದಿನಕ್ಕೆ 48 ಆಪರೇಟರ್. ಅಂಕಿಗಳೆಲ್ಲ ನೆನಪಿನಿಂದ, ಹೆಚ್ಚುಕಡಿಮೆ ಇರಬಹುದು.

ಮೊದಲು ಕೆಟ್ಟ ಉಪಾಯಗಳ ಪಟ್ಟಿ. ಮೂರು ಸಲ ತಡವಾದರೆ ಅರ್ಧ ದಿನ ಕಟ್: ಎಲ್ಲರೂ ಮಾಡುವುದು ಇದನ್ನೇ. ಹತ್ತು ನಿಮಿಷ ತಡವಾದವನು ಗೇಟಿನವರೆಗೆ ಬಂದು, ಹೇಗೂ ಅರ್ಧ ದಿನ ಹೋಯಿತಲ್ಲ ಅಂತ ವಾಪಸು ಹೋಗಿ ಪೂರ್ತಿ ರಜೆ ಹಾಕಿದ. ಹತ್ತು ನಿಮಿಷದ ನಷ್ಟ ಎಂಟು ಗಂಟೆಯದಾಯಿತು. ಮೇಲಾಗಿ ಅದು ಕಾನೂನಿಗೂ ನಿಲ್ಲುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯ ಕಲಂ 9ರ ಪ್ರಕಾರ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೆ ಮಾತ್ರ ಸಂಬಳ ಹಿಡಿಯಬಹುದಿತ್ತು, ಈಗಿನ ವೇತನ ಸಂಹಿತೆಯಲ್ಲೂ ಹಾಗೇ.

ಆಮೇಲೆ ಹಾಜರಿ ಬಹುಮಾನ, ತಿಂಗಳಿಗೆ 500. 3ನೇ ತಾರೀಕಿಗೇ ಒಂದು ಸಲ ತಡವಾಗಿ ಬಹುಮಾನ ಕಳೆದುಕೊಂಡವನಿಗೆ ಉಳಿದ 23 ದಿನ ಯಾವ ಹಂಗೂ ಇಲ್ಲ. ವಾರಕ್ಕೆ 125 ಅಂತ ಒಡೆದು ಕೊಟ್ಟಾಗ ಸ್ವಲ್ಪ ಸುಧಾರಿಸಿತು, ಆದರೆ ಅವರು ಹತ್ತುತ್ತಿದ್ದ ಬಸ್ಸು ಮೊದಲಿನದೇ. ಎಲ್ಲರಿಗಿಂತ ಮೊದಲು ಬಂದವನಿಗೆ ಬಹುಮಾನ ಅಂತ ಇಟ್ಟಿದ್ದು ಎಲ್ಲಕ್ಕಿಂತ ದೊಡ್ಡ ದಡ್ಡತನ. 5ಕ್ಕೇ ಬಂದು ಸ್ಟೋರಿನ ರಟ್ಟಿನ ಪೆಟ್ಟಿಗೆ ಮೇಲೆ ಮಲಗಿ, 6ಕ್ಕೆ ನಿದ್ದೆಗಣ್ಣಲ್ಲಿ ಚಕ್ ಬಿಗಿಯುವುದು ಯಾರಿಗೆ ಬೇಕು? ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿಟ್ಟು ನೋಡಿದ್ದೂ ಆಯಿತು. ಎಲ್ಲರ ಜೇಬಲ್ಲೂ ಮೊಬೈಲ್ ಇರುವ ಕಾಲದಲ್ಲಿ ಅದು ನಾಲ್ಕು ದಿನದ ತಮಾಷೆ.

ದಾರಿ ಕಂಡಿದ್ದು ಅಳತೆಯಿಂದ. ಮೂರು ವಾರ ಪ್ರತಿ ಆಪರೇಟರಿಗೂ ಮೂರು ಸಮಯ ಬರೆಸಿ: ಗೇಟು ದಾಟಿದ್ದು, ಹಾಜರಿ ಪಂಚ್ ಆಗಿದ್ದು, ಮೊದಲ ಒಳ್ಳೆ ಪೀಸು ಬಂದಿದ್ದು. ಗೇಟಿನದನ್ನು ವಾಚ್‌ಮನ್ ಕೈಯಲ್ಲೇ ಬರೆಯಲಿ. ಕಂಪ್ಯೂಟರಿನ ವರದಿಯೊಂದನ್ನೇ ನಂಬಬೇಡಿ, ಬಹಳಷ್ಟು ಹಾಜರಿ ಸಾಫ್ಟ್‌ವೇರ್‌ಗಳಲ್ಲಿ 15 ನಿಮಿಷಕ್ಕೆ ರೌಂಡ್ ಮಾಡುವ ಸೆಟ್ಟಿಂಗ್ ಇರುತ್ತದೆ. ಅದು ಚಾಲೂ ಇದ್ದರೆ ನಿಮಗೆ ಬೇಕಾದ ಮಾಹಿತಿಯನ್ನೇ ನುಂಗಿಬಿಡುತ್ತದೆ.

ಸರಾಸರಿ ತೆಗೆದು ನಾನೂ ಮೋಸ ಹೋದೆ. ಬೆಳಗಿನ ಪಾಳಿಯ 16 ಜನರ ಸರಾಸರಿ 15 ನಿಮಿಷ ಮುಂಚೆ ಅಂತ ಬಂತು, ಚೆನ್ನಾಗೇ ಇದೆಯಲ್ಲ ಅನ್ನಿಸಿತು. ಬಿಡಿಸಿ ನೋಡಿದರೆ ನೆಲಮಂಗಲ ಕಡೆಯ ಬಸ್ಸಿನ ಆರು ಜನ 5:20ರಿಂದ 5:25ರೊಳಗೆ ಬರುತ್ತಿದ್ದರು. ದಾಸರಹಳ್ಳಿಯಿಂದ ನಡೆದು, ಬೈಕಲ್ಲಿ ಬರುವ ಏಳು ಜನ 5:50–5:58. ಮೆಟ್ರೊದ ಮೂವರು 6:05. ಅಂದರೆ 15 ನಿಮಿಷ ಮುಂಚೆ ಬರುವವನು ಒಬ್ಬನೂ ಇಲ್ಲ. ಆ ಬಸ್ಸಿನವರಿಗೆ ಮುಂದಿನ ಬಸ್ಸು ಹಿಡಿದರೆ ಇಳಿಯುವುದೇ 6ಕ್ಕೆ, ಹಾಗಾಗಿ 40 ನಿಮಿಷ ಮುಂಚಿನದೇ ಗತಿ. ಮೆಟ್ರೊದ ಹಸಿರು ಮಾರ್ಗದಲ್ಲಿ, ಸೋಮವಾರ ಮತ್ತು ಭಾನುವಾರ ಬಿಟ್ಟರೆ, ಮೊದಲ ರೈಲು 5 ಗಂಟೆಗೆ ಹೊರಡುತ್ತದೆ. ಜಯನಗರದ ಕಡೆ ಹತ್ತಿದವನು ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿಯುವಾಗ 5:50 ಆಸುಪಾಸು, ಅಲ್ಲಿಂದ ಶೆಡ್ಡಿಗೆ ಕಾಲು ಗಂಟೆ ನಡಿಗೆ. ಅವನನ್ನು ಬೈದು ಏನು ಪ್ರಯೋಜನ? ಅವನಿಗಿಂತ ಮುಂಚಿನ ರೈಲೇ ಇಲ್ಲ.

ಇದನ್ನು ನೋಡಿದ ಮೇಲೆ ಮಾಡಿದ್ದು ಒಂದೇ ದೊಡ್ಡ ಬದಲಾವಣೆ: ಪಾಳಿಯನ್ನು 6ರಿಂದ 6:15ಕ್ಕೆ ಸರಿಸಿ, ಪ್ರತಿ ಪಾಳಿಗೂ 15 ನಿಮಿಷ ಸಂಬಳದ ಹಸ್ತಾಂತರ ಸೇರಿಸಿದ್ದು. 6:15–2:30, 2:15–10:30, 10:15–6:30. ಮೆಟ್ರೊದವರು ಹತ್ತು ನಿಮಿಷ ಮುಂಚೆ ಬಂದಂತಾಯಿತು, ನೆಲಮಂಗಲದವರು ತಾವಾಗಿಯೇ ಮುಂದಿನ ಬಸ್ಸಿಗೆ ಬದಲಾದರು, ನಡೆದು ಬರುವವರಿಗೆ ಯಾವುದಾದರೂ ಸರಿ. ಒಂದು ತಿಂಗಳಲ್ಲಿ 16ರಲ್ಲಿ 13–14 ಜನ 5:55ರಿಂದ 6:10ರೊಳಗೆ ಸಿಕ್ಕರು. ರಾತ್ರಿ 10:30ಕ್ಕೆ ಬಿಡುವವರಿಗೂ ಮೆಟ್ರೊ ಇನ್ನೂ ಇರುತ್ತದೆ. ಭಾನುವಾರ ಮಾತ್ರ ಬೇರೆ ಲೆಕ್ಕ, ಅವತ್ತು ಮೊದಲ ರೈಲು 7ಕ್ಕೆ. ಭಾನುವಾರ ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇದ್ದರೆ 8:15ಕ್ಕೆ ಕರೆಯಿರಿ.

ಈಗ ದುಡ್ಡು. ನಗುವವರು ಲೆಕ್ಕ ತಪ್ಪುವುದು ಇಲ್ಲೇ. ಹಸ್ತಾಂತರದ 15 ನಿಮಿಷಕ್ಕೆ ದುಪ್ಪಟ್ಟು ಓಟಿ ಕೊಡಬೇಕು ಅಂದುಕೊಳ್ಳುತ್ತಾರೆ. ಎಂಟು ಗಂಟೆ ಪಾಳಿಯಲ್ಲಿ ಅರ್ಧ ಗಂಟೆ ಊಟದ ಬಿಡುವು ಕಳೆದರೆ ಕೆಲಸ ಏಳೂವರೆ ಗಂಟೆ, ಆರು ದಿನಕ್ಕೆ 45. ದಿನಕ್ಕೆ ಕಾಲು ಗಂಟೆ ಸೇರಿಸಿದರೆ 46.5. ವಾರದ ಮಿತಿ 48, ದಿನದ ಲೆಕ್ಕದಲ್ಲೂ 9 ದಾಟಿಲ್ಲ. ಹಾಗಾಗಿ ಒಂದು ಪಟ್ಟು ಸಂಬಳ ಸಾಕು. ನಾವು ಹಾಕಿದ್ದು 1948ರ ಕಾರ್ಖಾನೆ ಕಾಯ್ದೆಯ ಲೆಕ್ಕ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಅಲ್ಲೂ ವಾರಕ್ಕೆ 48, ಮೀರಿದರೆ ದುಪ್ಪಟ್ಟು. ಆದರೆ ಊಟದ ಅರ್ಧ ಗಂಟೆಯನ್ನು ನಿಜವಾಗಿಯೂ ಬಿಟ್ಟಿರಬೇಕು. ಮಷಿನ್ ಮುಂದೆ ನಿಂತೇ ತಿನ್ನಿಸಿ ಬಿಡುವು ಅಂತ ಬರೆದರೆ ಈ ಲೆಕ್ಕ ನಿಲ್ಲುವುದಿಲ್ಲ.

ತಿಂಗಳಿಗೆ 20,000 ಸಂಬಳದವನಿಗೆ ಗಂಟೆಗೆ ಸುಮಾರು 96 ರೂಪಾಯಿ, ಕಾಲು ಗಂಟೆಗೆ 24. 48 ಜನ, 26 ದಿನ: 30 ಸಾವಿರ. ಪಿಎಫ್, ಇಎಸ್‌ಐ ಸೇರಿದರೆ 35. ಬರುವ ಕಡೆ ನೋಡಿ: ಸುಮಾರು 12 ನಿಮಿಷ ಉಳಿತಾಯ, 48 ಸಲ, ಅಂದರೆ ದಿನಕ್ಕೆ 576 ನಿಮಿಷ, ಒಂಬತ್ತೂವರೆ ಮಷಿನ್ ಗಂಟೆ. ಗಂಟೆಗೆ 400ರಂತೆ ಹಿಡಿದರೂ ತಿಂಗಳಿಗೆ ಲಕ್ಷಕ್ಕೆ ಹತ್ತಿರ. ಆರ್ಡರ್ ಇಲ್ಲದ ತಿಂಗಳು ಇದು ಬರೀ ಕಾಗದದ ಲಾಭ, ಅದನ್ನೂ ಒಪ್ಪುತ್ತೇನೆ. ಇನ್ನೊಂದು ಎಚ್ಚರಿಕೆ: ಇದನ್ನು ಭತ್ಯೆಯಾಗಿ ಕೊಟ್ಟರೆ ಇಎಸ್‌ಐನ 21,000 ಮಿತಿಯ ಅಂಚಿನಲ್ಲಿರುವವರು ದಾಟಿಬಿಡುತ್ತಾರೆ. ದಾಟಿದರೂ ಆ ಅವಧಿ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಮುಗಿಯುವವರೆಗೆ ವಂತಿಗೆ ಕಟ್ಟಬೇಕು. ಆಮೇಲೆ ಇಎಸ್‌ಐ ಕಾರ್ಡು ಹೋಯಿತು ಅಂತ ಅವರು ನಿಮ್ಮನ್ನೇ ಬೈಯುತ್ತಾರೆ. ಮೊದಲೇ ಕೂರಿಸಿ ಹೇಳಿ.

ಕಾಗದಪತ್ರದ ವಿಷಯದಲ್ಲಿ ಬಹಳ ಜನ ಮರೆಯುತ್ತಿದ್ದುದು ಹಳೆ ಕಾರ್ಖಾನೆ ಕಾಯ್ದೆಯ ಕಲಂ 58. ಒಂದೇ ಬಗೆಯ ಕೆಲಸದಲ್ಲಿ ಎರಡು ಪಾಳಿಯವರು ಏಕಕಾಲಕ್ಕೆ ಇರುವಂತಿರಲಿಲ್ಲ, ಇರಬೇಕಾದರೆ ವಿನಾಯಿತಿ ಬೇಕಿತ್ತು. ವಿನಾಯಿತಿಗೆ ಅರ್ಜಿ, ಕಲಂ 61ರ ಕೆಲಸದ ಅವಧಿಯ ನೋಟಿಸಿನ ತಿದ್ದುಪಡಿ, ಇನ್‌ಸ್ಪೆಕ್ಟರಿಗೆ ಪ್ರತಿ: ಇಷ್ಟು ಮುಗಿಸಿಯೇ ನಾವು ಶುರು ಮಾಡಿದ್ದು. ಹಾಗೆಯೇ ಕಲಂ 103. ಯಂತ್ರ ಓಡುತ್ತಿರುವಾಗ ಒಳಗೆ ಸಿಕ್ಕವನನ್ನು ಕೆಲಸದಲ್ಲಿದ್ದಾನೆ ಅಂತಲೇ ಅದರಲ್ಲಿ ಭಾವಿಸಲಾಗುತ್ತಿತ್ತು, ಅಲ್ಲ ಅಂತ ಸಾಬೀತು ಮಾಡುವ ಹೊರೆ ನಿಮ್ಮದಾಗಿತ್ತು. ಬೇಗ ಬಂದವನು ಗೆಳೆಯನ ಮಷಿನ್ ಹತ್ತಿರ ಹರಟೆಗೆ ನಿಂತು ಕೈ ಕುಯ್ದುಕೊಂಡರೆ ಏನಾಗುತ್ತದೆ ಯೋಚಿಸಿ. ಅದಕ್ಕೇ ಗೇಟಿನ ಪಕ್ಕ ಶೀಟು ಹೊದಿಸಿ ಎರಡು ಬೆಂಚು, ಒಂದು ಫ್ಯಾನು, ಚಾರ್ಜಿಂಗ್ ಪ್ಲಗ್ಗು ಹಾಕಿದ್ದೇವೆ. ಸುಮಾರು 14 ಸಾವಿರ ಹಿಡಿಯಿತು. 6ಕ್ಕೆ ಮುಂಚೆ ಒಳಗೆ ಬಿಡುವುದಿಲ್ಲ.

ಹಸ್ತಾಂತರದ ಕಾರ್ಡು ಅಂಗೈ ಅಗಲ, ಹಳದಿ, ಮಷಿನ್‌ಗೆ ಒಂದು. ಬರುವವನು ಮೊದಲು ಹಿಂದಿನವನ ಕೊನೆಯ ಮೂರು ಪೀಸನ್ನು ಬೆಂಚಿನ ಮೇಲೆ ತಾನೇ ಅಳೆಯಬೇಕು, ಅದೂ ತನ್ನ ಕೈಯ ಗೇಜಿನಲ್ಲಿ. 32 ಎಚ್7 ಬೋರ್ (32 ಮಿ.ಮೀ. ರಂಧ್ರ, ಎಚ್7 ಅನ್ನುವುದು ಅದರ ಅಳತೆಯ ದರ್ಜೆ) ಇದ್ದರೆ ಹೆಚ್ಚುಕಡಿಮೆಗೆ ಇರುವ ಜಾಗವೇ 25 ಮೈಕ್ರಾನ್. ಹಿಂದಿನವನು ಕೊನೆ ಗಂಟೆಯಲ್ಲಿ ಆಫ್‌ಸೆಟ್ (ಟೂಲಿನ ಸ್ಥಾನದ ತಿದ್ದುಪಡಿ) 10 ಮೈಕ್ರಾನ್ ತಿರುಗಿಸಿ ಹೇಳದೆ ಹೋಗಿದ್ದರೆ ಇವನ ಮೊದಲ ಐದಾರು ಪೀಸು ತಿಪ್ಪೆಗೆ. ನಮ್ಮ 18 ನಿಮಿಷದಲ್ಲಿ ಅರ್ಧ ಹೋಗುತ್ತಿದ್ದುದು ಇದಕ್ಕೇ, ತಡವಾಗಿ ಬರುವುದಕ್ಕಲ್ಲ. ಹಾಗಾಗಿ ಕಾರ್ಡಿನ ಮೊದಲ ಸಾಲೇ ಯಾವ ಟೂಲಿನ ಆಫ್‌ಸೆಟ್, ಎಷ್ಟು, ಎಷ್ಟು ಗಂಟೆಗೆ. ಆಮೇಲೆ ಇನ್ಸರ್ಟ್ (ಟೂಲಿನ ಕತ್ತರಿಸುವ ತುಣುಕು) ಎಷ್ಟನೇ ಮೂಲೆ, ಪೀಸಿನ ಕೌಂಟರ್ ಎಷ್ಟು. ಕೂಲೆಂಟ್ (ಕತ್ತರಿಸುವಾಗ ಹರಿಸುವ ತಂಪು ದ್ರವ) ಮಟ್ಟ ಮತ್ತು ಅದರ ಸಾಂದ್ರತೆ ತೋರಿಸುವ ರಿಫ್ರಾಕ್ಟೋಮೀಟರಿನ ಅಂಕಿ: ನಮಗೆ 6ರಿಂದ 8 ಸರಿ. ಚಿಪ್ಸ್ (ಲೋಹದ ಸಿಪ್ಪೆ) ತೆಗೆದು ಖಾಲಿ ಮಾಡುವುದು ಹೋಗುವವನ ಕೆಲಸ. ಬರುವವನು ಸಹಿ ಹಾಕದೆ ಹೋಗುವವನು ಪಂಚ್ ಮಾಡುವಂತಿಲ್ಲ. 16 ಮಷಿನ್‌ಗಳನ್ನು ಯಾವ ಕ್ರಮದಲ್ಲಿ ಹಸ್ತಾಂತರಿಸಿದರೆ ಒಂದೇ ಏರ್ ಗೇಜಿಗೆ ಕ್ಯೂ ಆಗುವುದಿಲ್ಲ ಅನ್ನುವುದಕ್ಕೆ ನಮ್ಮದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಕಿದ್ದರೆ ಶೆಡ್ಡಿಗೆ ಬನ್ನಿ.

ಸೋಮವಾರ ಬೆಳಗ್ಗೆ ಇದು ಕೆಲಸ ಮಾಡುವುದಿಲ್ಲ. ಭಾನುವಾರ ನಿಂತ ಮಷಿನ್ ತಣ್ಣಗಿರುತ್ತದೆ, ಮೊದಲ ಅರ್ಧ ಗಂಟೆ ಅಳತೆ ಓಡುತ್ತಲೇ ಇರುತ್ತದೆ. ದಾಸರಹಳ್ಳಿಯ ಇಬ್ಬರನ್ನು ಸೋಮವಾರ 5:45ಕ್ಕೆ ಕರೆಸಿ ಎಲ್ಲ ಸ್ಪಿಂಡಲ್‌ಗಳನ್ನೂ ನಿಮಿಷಕ್ಕೆ 500, 1000, 2000 ಸುತ್ತಿನಲ್ಲಿ ಐದೈದು ನಿಮಿಷ ಓಡಿಸುತ್ತೇವೆ. ಅವರ ಅರ್ಧ ಗಂಟೆಯೂ ವಾರದ 48ರೊಳಗೇ ಬರುತ್ತದೆ.

ಪಂಚಿಂಗ್ ಮಷಿನ್ನಿನ ಬಗ್ಗೆ. ಗೇಟಿನಿಂದ ಕಿತ್ತು ಶಾಪಿನ ಒಳಗೆ, ಗೇಜ್ ರೂಮಿನ ಬಾಗಿಲಿಗೆ ಹಾಕಿ. ಗೇಟಿನಲ್ಲಿದ್ದಾಗ ಪಂಚ್ ಮಾಡಿ ಹೊರಗೆ ಟೀಗೆ ಹೋಗುವುದೇ ಪದ್ಧತಿ. ಬೆರಳಚ್ಚು ನಮ್ಮವರಿಗೆ ಹೊಂದುವುದಿಲ್ಲ: ಕೂಲೆಂಟಿಗೆ ಚರ್ಮ ಸುಲಿದಿರುತ್ತದೆ, ಚಿಪ್ಸ್ ಗೀರಿರುತ್ತದೆ, ಒಬ್ಬೊಬ್ಬರಿಗೆ 15 ಸೆಕೆಂಡು ಅಂದರೂ 16 ಜನಕ್ಕೆ ನಾಲ್ಕು ನಿಮಿಷ. ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳನ್ನು ಸೇರಿಸಿದರೆ ಅರ್ಧ ತೊಂದರೆ ತೀರುತ್ತದೆ. ಈಗ ಮುಖ ನೋಡುವುದು ಹಾಕಿದ್ದೇವೆ, ಸುಮಾರು 9 ಸಾವಿರ. ಮೊದಲು ಪೂರ್ವದ ಬಾಗಿಲ ಎದುರು ಹಾಕಿ ಬೆಳಗಿನ ಬಿಸಿಲಿಗೆ ಒಬ್ಬರನ್ನೂ ಗುರುತಿಸದೆ ಹೋಯಿತು. ಪ್ರತಿ ಶನಿವಾರ ಅದರ ಗಡಿಯಾರವನ್ನು ಮೊಬೈಲಿಗೆ ಸರಿ ಮಾಡಿ. ಎರಡು ಮಷಿನ್ ಇದ್ದರೆ ತಿಂಗಳಲ್ಲಿ ಮೂರು ನಾಲ್ಕು ನಿಮಿಷ ದೂರವಾಗುತ್ತವೆ, ಹತ್ತು ನಿಮಿಷದ ಆಟದಲ್ಲಿ ಅದು ಜಗಳಕ್ಕೆ ಸಾಕು.

ಟೀ: ಫ್ಲಾಸ್ಕು ಪಂಚಿಂಗ್ ದಾಟಿದ ಮೇಲೆ ಸಿಗುವಂತೆ ಇಡಿ, 6:12ಕ್ಕೆ ಎತ್ತಿಬಿಡಿ. ಎರಡು ಲೀಟರ್ ಧಾರಾಳ. ಇದರ ಮೇಲೆ ಉಪ್ಪಿಟ್ಟನ್ನೂ ಕೊಟ್ಟು ನೋಡಿದೆವು. ತಟ್ಟೆ, ಕೈತೊಳೆಯುವುದು, ಇನ್ನೊಂದು ಸುತ್ತು ಅಂತ 20 ನಿಮಿಷ ತಿಂದಿತು, ಎಣ್ಣೆ ಕೈ ಗೇಜಿಗೆ. ಮೂರನೇ ವಾರಕ್ಕೆ ನಿಲ್ಲಿಸಿದ್ದಕ್ಕೆ ಇವತ್ತಿಗೂ ಮುನಿಸಿದೆ.

ಚೆಕ್ಕಿಂಗ್ ವಿಭಾಗದ ಹೆಣ್ಣುಮಕ್ಕಳು ಜನರಲ್ ಶಿಫ್ಟು, 8:30. ಕುತೂಹಲಕ್ಕೆ ಅವರದನ್ನೂ ಬರೆಸಿದ್ದೆವು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ, ಹಣ ಕೊಟ್ಟು ವಜ್ರ (ಎಸಿ ಬಸ್ಸು) ಹತ್ತುತ್ತಿದ್ದವರೂ ಸಾಮಾನ್ಯ ಬಸ್ಸಿಗೆ ಬದಲಾದರು. ಅದು ತುಂಬಿರುತ್ತದೆ, ಒಂದು ಬಿಟ್ಟು ಇನ್ನೊಂದು ಹತ್ತಬೇಕು. ಹಾಗಾಗಿ ಅವರು ಒಂದು ಬಸ್ಸಿನಷ್ಟು ಮುಂಚೆ ಹೊರಟು 8:05ಕ್ಕೇ ಬಂದು ಕೂರುತ್ತಾರೆ. ಅವರಿಗೆ 8:15 ಮಾಡೋಣವೇ ಅಂತ ಕೇಳಿದರೆ ಬೇಡ ಅಂದರು: ಮಕ್ಕಳ ಸ್ಕೂಲ್ ವ್ಯಾನು ಬರುವುದು 7:15ಕ್ಕೆ, ಬಸ್ಸು ತಪ್ಪಿದ ದಿನ ಆ 25 ನಿಮಿಷವೇ ಆಧಾರ. ಹಾಗೇ ಬಿಟ್ಟೆವು.

ಹಳೆಯ ಹಾಜರಿ ಪುಸ್ತಕ ತೆಗೆದು ಲೆಕ್ಕ ಹಾಕುವವರು 2021ರ ಡಿಸೆಂಬರ್ ಕೊನೆಯಿಂದಾಚೆಗಿನ ಕೆಲವು ತಿಂಗಳು ಬಿಟ್ಟುಬಿಡಿ. ತುಮಕೂರು ರಸ್ತೆ ಮೇಲ್ಸೇತುವೆ ಮುಚ್ಚಿದ ಆ ದಿನಗಳಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು ಅನ್ನುವುದಕ್ಕೆ ಅರ್ಥವೇ ಇಲ್ಲ.

ಇನ್ನೂ ಹತೋಟಿಗೆ ಬರದಿರುವುದು 2:15ರ ಪಾಳಿ. ಮೊದಲ ಒಳ್ಳೆ ಪೀಸಿಗೆ ಬೆಳಗ್ಗೆ 6 ನಿಮಿಷ, ರಾತ್ರಿ 5, ಮಧ್ಯಾಹ್ನ ಮಾತ್ರ 9. ಮನೆಯಲ್ಲಿ ಉಂಡು ಹೊರಡುವವರು, ಜೊತೆಗೆ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲು. ಹೋಗುವವರ ಕ್ಯಾಂಟೀನ್ ಊಟವನ್ನೇ ಬರುವವರಿಗೂ 1:45ಕ್ಕೆ 30 ರೂಪಾಯಿಗೆ ಕೊಟ್ಟು ಮುಂದಿನ ತಿಂಗಳು ನೋಡುವವರಿದ್ದೇವೆ. ತಟ್ಟೆ ಮಾತ್ರ ಗೇಟಿನ ಬೆಂಚಿನ ಕಡೆಯೇ.