ಹಿಮಚಿರತೆಗೆ ತಯಾರಿ ಮುಳ್ಳಯ್ಯನಗಿರಿಯಲ್ಲೇ

ಚಿಕ್ಕಮಗಳೂರಿನವರಿಗೆ ಬೆಟ್ಟ ಹೊಸದಲ್ಲ. ಚಳಿಯೂ ಹೊಸದಲ್ಲ ಅಂದುಕೊಂಡಿರುತ್ತೇವೆ. ಡಿಸೆಂಬರಿನಲ್ಲಿ ಬಚ್ಚಲೊಲೆ ಮುಂದೆ ಕೂತು ಬೆಳೆದವರಿಗೆ ಹಾಗನ್ನಿಸುವುದು ಸಹಜ. ನಾನೂ ಅದೇ ಧೈರ್ಯದಲ್ಲಿ ಹಿಮಚಿರತೆಯ ಫೋಟೊ ತೆಗೆಯಲು ಹಿಮಾಚಲದ ಸ್ಪಿತಿಗೆ ಹೊರಟೆ. ದೊಡ್ಡಪ್ಪ ತಡೆದು ಕೇಳಿದ್ದರು: ‘ಅಲ್ಲ ಮಾರಾಯ, ಚಿರತೆ ನೋಡೋಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗ್ಬೇಕಾ? ಮೊನ್ನೆ ತಾನೇ ನಮ್ಮ ನಾಯಿ ಹಿಡ್ಕೊಂಡು ಹೋಯ್ತಲ್ಲ!’

ಹತ್ತು ದಿನ ಇದ್ದು ನಾನು ತಂದದ್ದು ಒಂದು ಬಾಲದ ಫೋಟೊ. ಅದೂ ಅಲುಗಾಡಿದ್ದು. ಚಿರತೆ ಕಾಣಲಿಲ್ಲ ಅಂತಲ್ಲ, ಎರಡು ಸಲ ಕಂಡಿತು. ಒಮ್ಮೆ ಬ್ಯಾಟರಿ ಸತ್ತಿತ್ತು. ಇನ್ನೊಮ್ಮೆ ಗೈಡ್ ಬೆರಳು ತೋರಿಸುತ್ತಲೇ ಇದ್ದರೂ ಅದು ಬಂಡೆಯೋ ಪ್ರಾಣಿಯೋ ಅಂತ ನನ್ನ ಕಣ್ಣಿಗೆ ತಿಳಿಯುವಷ್ಟರಲ್ಲಿ ಬಾಲ ಮಾತ್ರ ಉಳಿದಿತ್ತು. ಎರಡೂ ಮನೆಯಲ್ಲೇ ಕಲಿತು ಹೋಗಬಹುದಾಗಿದ್ದ ವಿಷಯ. ಎರಡನೇ ಸಲ ಕಲಿತು ಹೋದೆ. ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ತಿಂಗಳು ಗೊತ್ತು ಮಾಡಿ

ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಒಳ್ಳೆಯ ಸಮಯ. ಅಷ್ಟು ಚಳಿಯಲ್ಲೇ ಯಾಕೆ ಹೋಗಬೇಕು? ಬೇಸಿಗೆಯಲ್ಲಿ ಭರಲ್ ಎಂಬ ನೀಲಿ ಕುರಿ ಮತ್ತು ಐಬೆಕ್ಸ್ ಎಂಬ ಕಾಡುಮೇಕೆ ಹುಲ್ಲು ಹುಡುಕಿಕೊಂಡು ತೀರಾ ಮೇಲೆ ಹೋಗಿಬಿಡುತ್ತವೆ. ಮೇಲೆಲ್ಲ ಹಿಮ ಮುಚ್ಚಿದಾಗ ಕೆಳಗಿನ ಇಳಿಜಾರಿಗೆ ಬರುತ್ತವೆ. ಅವುಗಳ ಹಿಂದೆಯೇ ಚಿರತೆಯೂ ಇಳಿಯುತ್ತದೆ. ಜೊತೆಗೆ ಇದು ಹಿಮಚಿರತೆಗಳು ಕೂಡುವ ಕಾಲ. ಗಂಡು ಹೆಣ್ಣು ಒಂದನ್ನೊಂದು ಕೂಗುತ್ತವೆ, ಬಂಡೆಗಳಿಗೆ ಗಂಧ ಸಿಂಪಡಿಸುತ್ತ ಓಡಾಡುತ್ತವೆ. ಹಿಮದ ಮೇಲೆ ಹೆಜ್ಜೆಯೂ ಸಿಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕ ಇದೆ. ಅರೇಬಿಕಾ ಬೆಳೆಗಾರರಿಗೆ ಫೆಬ್ರುವರಿ ಹೊತ್ತಿಗೆ ಕೊಯ್ಲು ಮುಗಿದು ಸ್ವಲ್ಪ ಉಸಿರು ಸಿಕ್ಕಿರುತ್ತದೆ. ರೋಬಸ್ಟಾ ಇರುವವರು ಆಗ ಹೊರಟರೆ ಮನೆಯಲ್ಲಿ ಯಾರಾದರೂ ಮುಖ ಊದಿಸಿಕೊಳ್ಳುವುದು ಖಂಡಿತ. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಲಡಾಖೋ ಸ್ಪಿತಿಯೋ?

ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಪ್ರಕಟಿಸಿದ ಗಣತಿಯ ಪ್ರಕಾರ ದೇಶದಲ್ಲಿ 718 ಹಿಮಚಿರತೆಗಳಿವೆ. ಅದರಲ್ಲಿ 477 ಲಡಾಖಿನಲ್ಲೇ. ಹಿಮಾಚಲದಲ್ಲಿ 51. ಈ ಲೆಕ್ಕ ನೋಡಿದರೆ ಲಡಾಖೇ ಸರಿ ಅನ್ನಿಸುತ್ತದೆ. ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಕ್ ಕಣಿವೆ, ಉಲೆ ಹಳ್ಳಿ ಇದಕ್ಕೇ ಹೆಸರಾಗಿವೆ. ಉಲೆ ಕಡೆ ಹೋದರೆ ಯೂರಿಯಲ್ ಎಂಬ ಕಾಡುಕುರಿಯೂ ಸಿಗಬಹುದು.

ಆದರೂ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಸ್ಪಿತಿಯ ಕಿಬ್ಬರ್ ಹಳ್ಳಿ. ಕಾರಣ ದಾರಿ. ಲೇಹ್‌ಗೆ ವಿಮಾನದಲ್ಲಿ ಇಳಿದರೆ ಒಂದೇ ಏಟಿಗೆ 3,500 ಮೀಟರ್ ಎತ್ತರದಲ್ಲಿರುತ್ತೀರಿ. ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ದಾರಿ ಹಿಮದಿಂದ ಮುಚ್ಚಿರುತ್ತದೆ. ಹಾಗಾಗಿ ಸ್ಪಿತಿಗೆ ಶಿಮ್ಲಾ, ಕಿನ್ನೌರ್ ಮೂಲಕವೇ ಹೋಗಬೇಕು. ಶಿಮ್ಲಾ, ಕಲ್ಪಾ, ಟಾಬೊ, ಕಾಜಾ ಅಂತ ದಿನಕ್ಕಿಷ್ಟು ಏರುತ್ತ ಹೋಗುವುದರಿಂದ ಮೈ ಹೊಂದಿಕೊಳ್ಳುತ್ತದೆ. ಕಾಜಾ ಸುಮಾರು 3,650 ಮೀಟರ್, ಕಿಬ್ಬರ್ ಸುಮಾರು 4,200. ಕಾಜಾದಲ್ಲಿ ಎರಡು ರಾತ್ರಿ ಸುಮ್ನೆ ಮಲಗಿ, ಆಮೇಲೆ ಹತ್ತಿ.

ಕಿಬ್ಬರ್‌ಗೂ ನಮಗೂ ಒಂದು ನಂಟಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬಹಳ ವರ್ಷಗಳಿಂದ ಅಲ್ಲಿನ ಜನರ ಜೊತೆ ಕೆಲಸ ಮಾಡುತ್ತಿದೆ. ಊರಿನವರು ತಮ್ಮ ಹುಲ್ಲುಗಾವಲಿನ ಒಂದು ಭಾಗಕ್ಕೆ ದನಕರು ಬಿಡದೆ ಭರಲ್‌ಗಳಿಗೆ ಉಳಿಸಿದ್ದಾರೆ. ಚಿರತೆ ಹಿಡಿದ ಜಾನುವಾರಿಗೆ ವಿಮೆಯ ಏರ್ಪಾಡೂ ನಡೆದಿದೆ. ಇವತ್ತು ನಮಗೆ ಅಲ್ಲಿ ಚಿರತೆ ಕಾಣುವುದರಲ್ಲಿ ಇದರ ಪಾಲು ದೊಡ್ಡದು.

ತಂಡದವರನ್ನು ಕೇಳಬೇಕಾದದ್ದು

ಪ್ರವಾಸ ನಡೆಸುವ ತಂಡಕ್ಕೆ ಮುಂಗಡ ಕಟ್ಟುವ ಮುಂಚೆ ಫೋನಿನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಒಟ್ಟು ಎಷ್ಟು ಜನ? ಪ್ರಾಣಿ ಹುಡುಕಿ ಕೊಡುವ ಸ್ಥಳೀಯರು ಎಷ್ಟು ಮಂದಿ? ಆಮ್ಲಜನಕದ ಸಿಲಿಂಡರ್ ಇದೆಯಾ? ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಕೆಳಗಿಳಿಸಲು ಗಾಡಿ ಅಲ್ಲೇ ನಿಂತಿರುತ್ತದಾ? ರಸ್ತೆ ಮುಚ್ಚಿದರೆ ಹೆಚ್ಚುವರಿ ದಿನಗಳ ಖರ್ಚು ಯಾರದ್ದು? ನನಗೆ ಮೊದಲ ಸಲ ಆರು ಜನ ಅಂತ ಹೇಳಿದ್ದರು. ಹೋಗಿ ನೋಡಿದರೆ ಹನ್ನೆರಡು. ದೂರದ್ದನ್ನು ಹತ್ತಿರ ತೋರಿಸುವ ಸ್ಪಾಟಿಂಗ್ ಸ್ಕೋಪ್ ಒಂದೇ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕಾಯುವ ಹಾಗೆ ಸಾಲಿನಲ್ಲಿ ನಿಂತೆವು.

‘ನೂರಕ್ಕೆ ನೂರು ತೋರಿಸ್ತೀವಿ’ ಅನ್ನುವವರನ್ನು ಬಿಟ್ಟುಬಿಡಿ. ಕನಿಷ್ಠ ಆರು ಏಳು ಹಗಲು ಹಳ್ಳಿಯಲ್ಲೇ ಇರುವಂಥ ಪ್ರವಾಸ ಆರಿಸಿ.

ಮನೆಯಲ್ಲೇ ಎರಡು ತಿಂಗಳ ಅಭ್ಯಾಸ

ಇದು ಮುಖ್ಯ. ಎಲ್ಲರೂ ಹಾರಿಸಿಬಿಡುವುದೂ ಇದನ್ನೇ.

ಕಣ್ಣಿನಿಂದ ಶುರು ಮಾಡಿ. ಹಿಮಚಿರತೆ ಬೂದು ಬಂಡೆಯ ಮೇಲೆ ಬೂದು ಬಂಡೆಯಂತೆ ಕೂರುತ್ತದೆ. ಸಾಮಾನ್ಯವಾಗಿ ಅರ್ಧ ಕಿಲೋಮೀಟರ್, ಒಂದು ಕಿಲೋಮೀಟರ್ ದೂರದಲ್ಲಿ. ನಾನು ಮಾಡಿದ್ದು ಇಷ್ಟು. ಗೆಳೆಯನಿಗೆ ಒಂದು ಹಳೇ ಗೋಣಿಚೀಲ ಕೊಟ್ಟು, ಎದುರು ಗುಡ್ಡದಲ್ಲಿ ಎಲ್ಲಾದರೂ ಹಾಸಿ ಬಾ ಅಂದೆ. ಬೈನಾಕ್ಯುಲರ್ ಹಿಡಿದು ಈಚೆ ಬದಿಯಿಂದ ಹುಡುಕಿದೆ. ಮೊದಲ ದಿನ ಒಂದೂವರೆ ಗಂಟೆ ಆಯಿತು. ಗುಡ್ಡವನ್ನು ಮನಸ್ಸಿನಲ್ಲೇ ಪಟ್ಟಿಪಟ್ಟಿಯಾಗಿ ಭಾಗ ಮಾಡಿ. ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ, ಉಳುಮೆಯ ಸಾಲಿನ ಹಾಗೆ ನೋಡುತ್ತ ಇಳಿಯಿರಿ. ಬೆಟ್ಟದ ಏಣು ಆಕಾಶಕ್ಕೆ ತಾಗುವ ಗೆರೆಯನ್ನು ಎರಡು ಸಲ ನೋಡಿ. ಹಿಮಚಿರತೆಗೆ ಆ ಏಣಿನಲ್ಲಿ ನಡೆಯುವುದು ಇಷ್ಟ.

ಕುದುರೆಮುಖದ ಹುಲ್ಲುಗಾವಲಿದ್ದರೆ ಇನ್ನೂ ಒಳ್ಳೆಯದು. ನಿಲ್ಲಲು ಬಿಡುವ ಜಾಗದಲ್ಲಿ ನಿಂತೇ ದೂರದ ಶೋಲಾ ಕಾಡಿನ ಅಂಚಿನಲ್ಲಿ ಕಾಟಿ, ಕಡವೆ ಹುಡುಕಿ. ಒಳಗೆ ನಡೆಯಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮುತ್ತೋಡಿ ಸಫಾರಿಯಲ್ಲಿ ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುವಾಗ ಉದ್ದ ಲೆನ್ಸಿನೊಳಗೆ ಹಿಡಿದು ನೋಡಿ. ಹಿಮಚಿರತೆಯ ಬಾಲವೂ ಹೀಗೇ, ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಸುಮಾರು ಒಂದು ಮೀಟರ್. ಬಾಲ ಕತ್ತರಿಸದೆ ಫ್ರೇಮ್ ಮಾಡುವುದು ಅಳಿಲಿನಿಂದ ಕಲಿತ ಪಾಠ, ನಗಬೇಡಿ.

ಎರಡನೆಯದು ಕಾಲು ಮತ್ತು ಶ್ವಾಸ. ವಾರಕ್ಕೆ ಎರಡು ಸಲ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ. ಬೆನ್ನಿಗೆ ಕ್ಯಾಮೆರಾ ಚೀಲ, ಕೈಯಲ್ಲಿ ಟ್ರೈಪಾಡ್ ಇರಲಿ. ಆದರೆ ಒಂದು ಭ್ರಮೆ ಬೇಡ. ಕರ್ನಾಟಕಕ್ಕೆಲ್ಲ ಎತ್ತರವಾದ ಈ ಶಿಖರ 1,930 ಮೀಟರ್. ಕಿಬ್ಬರ್ ಅದರ ಎರಡರಷ್ಟಕ್ಕಿಂತ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ. ಇಲ್ಲಿ ಹತ್ತಿದರೆ ಕಾಲು ಗಟ್ಟಿಯಾಗುತ್ತದೆ. ಎತ್ತರದ ಕಾಯಿಲೆ ಬರುವುದಿಲ್ಲ ಅಂತಲ್ಲ. ಅದು ದಿನಾ ಓಡುವವರಿಗೂ ಬರುತ್ತದೆ. ರಕ್ತದೊತ್ತಡ, ಉಬ್ಬಸ, ಹೃದಯದ ತೊಂದರೆ ಇರುವವರು ಡಾಕ್ಟರ್ ಹತ್ತಿರ ಮಾತಾಡದೆ ಹೊರಡಬೇಡಿ. ಎತ್ತರಕ್ಕೆಂದು ತೆಗೆದುಕೊಳ್ಳುವ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ.

ಮೂರನೆಯದು ಬಿಳಿ ಬಣ್ಣ. ಕ್ಯಾಮೆರಾ ತನ್ನ ಮುಂದಿರುವುದೆಲ್ಲ ಬೂದು ಅಂತ ಲೆಕ್ಕ ಹಾಕುತ್ತದೆ. ಹಿಮ ತೋರಿಸಿದರೆ ಅದನ್ನೂ ಬೂದು ಮಾಡಿ ಕೊಡುತ್ತದೆ. ಅಂಗಳದಲ್ಲಿ ಬಿಳಿ ಪಂಚೆ ಒಣಹಾಕಿ, ಬೆಳಿಗ್ಗೆ ಬಿಸಿಲಲ್ಲಿ ಫೋಟೊ ತೆಗೆಯಿರಿ. ಎಕ್ಸ್‌ಪೋಷರ್ ಅಂದರೆ ಫೋಟೊಗೆ ಸಿಗುವ ಬೆಳಕಿನ ಅಳತೆಯನ್ನು ಮುಕ್ಕಾಲು ಸ್ಟಾಪ್, ಒಂದು ಸ್ಟಾಪ್ ಮೇಲೇರಿಸಿ ನೋಡಿ. ಪಂಚೆ ಬೆಳ್ಳಗೂ ಕಾಣಬೇಕು, ನೇಯ್ಗೆಯೂ ಅಳಿಸಬಾರದು. ಆ ಅಳತೆ ಬೆರಳಿಗೆ ರೂಢಿಯಾಗಲಿ. ಮಂಜು ಕವಿದ ದಿನ ಫೋಕಸ್ ಅಭ್ಯಾಸ ಮಾಡಿ. ಹಿಮ ಉದುರುವಾಗ ಆಟೋಫೋಕಸ್ ಹೇಗೆ ತಡಕಾಡುತ್ತದೋ ಬಾಬಾಬುಡನ್‌ಗಿರಿಯ ಮಂಜಿನಲ್ಲೂ ಹಾಗೇ ತಡಕಾಡುತ್ತದೆ. ಒಂದೇ ಫೋಕಸ್ ಚುಕ್ಕೆ ಇಟ್ಟು ತೆಗೆಯುವುದನ್ನು ಕಲಿಯಿರಿ.

ಚೀಲದಲ್ಲಿ ಏನಿರಬೇಕು

500 ಅಥವಾ 600 ಎಂಎಂ ಲೆನ್ಸ್ ಬೇಕು. ಲೆನ್ಸಿಗೆ ಜೋಡಿಸಿದರೆ ಪ್ರಾಣಿಯನ್ನು 1.4 ಪಟ್ಟು ದೊಡ್ಡದಾಗಿ ತೋರಿಸುವ ಕನ್ವರ್ಟರ್ ಇದ್ದರೆ ಒಳ್ಳೆಯದು. ಕೊಳ್ಳಲು ಹೋಗಬೇಡಿ, ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಒಂದು ವಾರ ಮುಂಚೆಯೇ ತಂದು ಕೈ ಪಳಗಿಸಿಕೊಳ್ಳಿ. ಲೆನ್ಸ್ ಒರಗಿಸುವ ಬೀನ್ ಬ್ಯಾಗನ್ನು ಖಾಲಿಯಾಗಿ ಒಯ್ಯಿರಿ. ಸ್ಪಿತಿಯಲ್ಲಿ ಬಾರ್ಲಿ, ಬಟಾಣಿ ಬೆಳೆಯುತ್ತಾರೆ. ಉಳಿದುಕೊಂಡ ಮನೆಯಲ್ಲೇ ಕೇಳಿ ತುಂಬಿಸಿಕೊಂಡು, ಹೊರಡುವಾಗ ವಾಪಸ್ ಸುರಿದು ಬನ್ನಿ.

ಬ್ಯಾಟರಿ ನಾಲ್ಕಾದರೂ ಇರಲಿ. ಫೆಬ್ರುವರಿಯಲ್ಲಿ ರಾತ್ರಿ ಮೈನಸ್ 20 ಡಿಗ್ರಿಗೂ ಇಳಿಯುತ್ತದೆ. ಅಂಥ ಚಳಿಯಲ್ಲಿ ತುಂಬಿದ ಬ್ಯಾಟರಿಯೂ ಬೇಗ ಸೋಲುತ್ತದೆ. ಬಿಡಿ ಬ್ಯಾಟರಿಗಳನ್ನು ಒಳ ಅಂಗಿಯ ಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಸತ್ತಿತು ಅಂದುಕೊಂಡ ಬ್ಯಾಟರಿ ಅರ್ಧ ಗಂಟೆ ಮೈಶಾಖಕ್ಕೆ ಇನ್ನೂ ಒಂದಷ್ಟು ಫೋಟೊ ಕೊಡುತ್ತದೆ. ರಾತ್ರಿ ಹಾಸಿಗೆಯೊಳಗೆ ಜೊತೆಗೇ ಮಲಗಿಸಿಕೊಳ್ಳಿ. ವಿಮಾನದಲ್ಲಿ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ.

ಇನ್ನು ಬೆವರುವ ಲೆನ್ಸು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟದ ಮೇಲೆ ನೀರು ಕೂರುತ್ತದಲ್ವಾ, ಹೊರಗಿನಿಂದ ಬೆಚ್ಚಗಿನ ಅಡುಗೆಮನೆಗೆ ತಂದ ಕ್ಯಾಮೆರಾಕ್ಕೂ ಹಾಗೇ ಆಗುತ್ತದೆ. ಒಳಗೂ ಆಗುತ್ತದೆ. ಬಾಗಿಲು ದಾಟುವ ಮುಂಚೆಯೇ ದೊಡ್ಡ ಜಿಪ್ ಕವರಿಗೆ ಹಾಕಿ ಮುಚ್ಚಿ. ಕಾರ್ಡ್ ಮತ್ತು ಬ್ಯಾಟರಿ ಹೊರಗೇ ತೆಗೆದುಕೊಂಡುಬಿಡಿ, ಇಲ್ಲದಿದ್ದರೆ ಫೋಟೊ ನೋಡುವ ಆಸೆಗೆ ಕವರ್ ಬಿಚ್ಚುತ್ತೀರಿ. ಎರಡು ಗಂಟೆ ಬಿಟ್ಟು ತೆಗೆದರೆ ಸಾಕು.

ಬಟ್ಟೆ ವಿಷಯ ಚುಟುಕಾಗಿ ಹೇಳುತ್ತೇನೆ. ಹತ್ತಿ ಬೇಡ, ಬೆವರಿದರೆ ಒಣಗುವುದಿಲ್ಲ. ಒಳಗೆ ಉಣ್ಣೆಯ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಡೌನ್ ಜಾಕೆಟ್, ಗಾಳಿ ತಡೆಯಲು ಇನ್ನೊಂದು. ಎರಡು ಜೊತೆ ಕಾಲುಚೀಲ ಹಿಡಿಸುವಷ್ಟು ದೊಡ್ಡ ಶೂ. ತೆಳು ಗ್ಲೌಸ್ ಮೇಲೆ ದಪ್ಪ ಗ್ಲೌಸ್. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಬೆಳಕು ಕಣ್ಣು ಸುಡುತ್ತದೆ.

ಕಾಫಿಪುಡಿ ಒಯ್ಯದೆ ನಮ್ಮವರು ಇರುತ್ತಾರಾ! ಒಯ್ಯಿರಿ. ಆದರೆ ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಡಿಕಾಕ್ಷನ್ ಮನೆಯ ಹಾಗೆ ಬರಲಿಲ್ಲ ಅಂತ ಪುಡಿಯನ್ನು ಬೈಯಬೇಡಿ.

ಅಲ್ಲಿ ಹೋದ ಮೇಲೆ

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡರೆ ಗೈಡ್‌ಗೆ ತಕ್ಷಣ ಹೇಳಿ. ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಕೂತಲ್ಲೇ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ ಫೋಟೊ ಆಸೆ ಬಿಟ್ಟು ಆಗಲೇ ಕೆಳಗಿಳಿಯಬೇಕು. ಇನ್ನೊಂದು ಮಾತು ಮಲೆನಾಡಿನವರಿಗೇ. ಅಗ್ಗಿಷ್ಟಿಕೆಯ ಅಭ್ಯಾಸದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಬೇಡಿ. ನಮ್ಮ ಹೆಂಚಿನ ಮನೆಯಲ್ಲಿ ಗಾಳಿ ಸಂದಿಯಿಂದ ಹೊರಗೆ ಹೋಗುತ್ತದೆ. ಅಲ್ಲಿನ ಮಣ್ಣಿನ ಗೋಡೆಯಲ್ಲಿ ಸಂದಿ ಇಲ್ಲ. ಹೊಗೆ ಕಾಣದಿದ್ದರೂ ಜೀವ ಹೋಗುತ್ತದೆ.

ದಿನ ಹೀಗೆ ನಡೆಯುತ್ತದೆ. ಗೈಡ್‌ಗಳು ಬೆಳಕು ಹರಿಯುವ ಮುಂಚೆ ಬೇರೆ ಬೇರೆ ದಿಬ್ಬಕ್ಕೆ ಹೋಗಿ ಕೂರುತ್ತಾರೆ. ಚಿರತೆ ಕಂಡರೆ ವಾಕಿಟಾಕಿಯಲ್ಲಿ ಸುದ್ದಿ. ಅಲ್ಲಿಯವರೆಗೆ ನಿಮಗೆ ಕಾಯುವ ಕೆಲಸ. ಭರಲ್ ಹಿಂಡು ನೋಡುತ್ತಿರಿ. ಎಲ್ಲವೂ ಒಂದೇ ಕಡೆ ಕತ್ತು ತಿರುಗಿಸಿ ನಿಂತರೆ ಆ ದಿಕ್ಕಿಗೆ ಸ್ಕೋಪ್ ತಿರುಗಿಸಿ. ಒಂದೇ ಜಾಗದಲ್ಲಿ ರಣಹದ್ದು, ಕಾಗೆ ಸುತ್ತುತ್ತಿದ್ದರೂ ನೋಡಬೇಕು, ಬೇಟೆ ಬಿದ್ದಿರಬಹುದು. ಕೆಂಪು ನರಿ ಮಾತ್ರ ಊರಿನ ಹತ್ತಿರವೇ ಓಡಾಡುತ್ತದೆ. ಎಷ್ಟೋ ಜನ ಅದರ ಚಂದದ ಫೋಟೊ ಬಿಟ್ಟು, ಖಾಲಿ ಬೆಟ್ಟ ನೋಡುತ್ತ ನಿಲ್ಲುತ್ತಾರೆ. ನಾನೂ ನಿಂತಿದ್ದೆ.

ಬೆಳಿಗ್ಗೆ ತೆಗೆದ ಫೋಟೊ ಚೂಪಾಗಿ ಬರುತ್ತದೆ. ಹನ್ನೊಂದರ ಮೇಲೆ ಬಿಸಿಲಿಗೆ ಬಂಡೆ ಕಾದು ಗಾಳಿ ನಡುಗಲು ಶುರುವಾದರೆ ಎಂಥ ಲೆನ್ಸಾದರೂ ದೂರದ್ದು ಮಸುಕೇ. ಆ ಹೊತ್ತಿನಲ್ಲಿ ಬೈನಾಕ್ಯುಲರಿನಲ್ಲಿ ನೋಡಿ ಖುಷಿಪಡಿ. ಪ್ರಾಣಿ ನಡೆಯುತ್ತಿದ್ದರೆ ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ (1/1000) ಇರಲಿ. ಬಂಡೆಯ ಮೇಲೆ ಮಲಗಿದ್ದರೆ ಹತ್ತು ಫೋಟೊ ತೆಗೆದು ನಿಲ್ಲಿಸಿ. ಅದು ದಿನವಿಡೀ ಮಲಗಬಹುದು, ಬ್ಯಾಟರಿ ಉಳಿಯುವುದಿಲ್ಲ.

ಹತ್ತಿರ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಗೈಡ್ ನಿಲ್ಲು ಅಂದಲ್ಲಿ ನಿಲ್ಲಿ. ಚಿರತೆಗಿಂತ ಮೇಲಿನ ಇಳಿಜಾರಿಗೆ ಹತ್ತಬೇಡಿ, ಅದು ತಪ್ಪಿಸಿಕೊಳ್ಳುವ ದಾರಿ ಅದೇ. ಕಲ್ಲು ಎಸೆದು ಎಬ್ಬಿಸಿ, ಮಾಂಸ ಇಟ್ಟು ಕರೆಸಿ ಅಂತ ಗೈಡ್‌ಗೆ ಜಾಸ್ತಿ ದುಡ್ಡಿನ ಆಸೆ ತೋರಿಸುವವರನ್ನು ನಾನೇ ನೋಡಿದ್ದೇನೆ. ನಮ್ಮ ಗೈಡ್ ಒಪ್ಪಲಿಲ್ಲ, ಆ ದಿನ ಆ ಗುಂಪಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಬೇಟೆಯ ಹತ್ತಿರ ನಾವು ಗಲಾಟೆ ಮಾಡಿದರೆ ಅದು ಊಟ ಬಿಟ್ಟು ಹೋಗುತ್ತದೆ. ಅಂಥ ಚಳಿಯಲ್ಲಿ ಇನ್ನೊಂದು ಭರಲ್ ಹಿಡಿಯುವುದು ಸುಲಭವಲ್ಲ.

ಎರಡನೇ ಸಲ, ಆರನೇ ದಿನ ಬೆಳಿಗ್ಗೆ ಎಂಟಕ್ಕೆ, ಎದುರು ಕಮರಿಯ ಏಣಿನಲ್ಲಿ ಒಂದು ಬಂಡೆ ಬಾಲ ಎತ್ತಿತು. ಗೈಡ್ ಬೆರಳು ತೋರಿಸುವ ಮುಂಚೆಯೇ ನಾನು ನೋಡಿದ್ದೆ. ದೂರ ಸುಮಾರು ಆರುನೂರು ಮೀಟರ್. ಫೋಟೊದಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟು. ದೊಡ್ಡದು ಮಾಡಿಸಿ ಹಜಾರದಲ್ಲಿ ಹಾಕಿದ್ದೇನೆ. ದೊಡ್ಡಪ್ಪ ಬಂದಾಗಲೆಲ್ಲ ಕನ್ನಡಕ ಏರಿಸಿಕೊಂಡು ಹುಡುಕುತ್ತಾರೆ, ‘ಎಲ್ಲಿದೆಯೋ ನಿನ್ನ ಚಿರತೆ?’ ಎಡದಿಂದ ಬಲಕ್ಕೆ ನೋಡಿ ದೊಡ್ಡಪ್ಪ ಅನ್ನುತ್ತೇನೆ.